ಅಟ್ಟದಿಂದ ಇಳಿದ ವಸ್ತು ಯಾರ ಕೈಗೆ? ಮಲೆನಾಡಿನ ಮನೆಗಳಿಗೊಂದು ಹೋಲಿಕೆ

ಮಲೆನಾಡಿನಲ್ಲಿ ಹಳೆಯ ಮನೆ ಬಿಚ್ಚುವ ಕೆಲಸ ಈಗ ಊರೂರಲ್ಲೂ ನಡೆದಿದೆ. ಅಣ್ಣತಮ್ಮಂದಿರು ಪಾಲಾಗುತ್ತಾರೆ, ಮಕ್ಕಳು ಬೆಂಗಳೂರು ಸೇರುತ್ತಾರೆ, ಚೌಕಿ ಮನೆ ಇದ್ದಲ್ಲಿ ತಾರಸಿ ಮನೆ ಏಳುತ್ತದೆ. ಆಗ ಅಟ್ಟದಿಂದ ಒಂದೊಂದೇ ಕೆಳಗಿಳಿಯುತ್ತವೆ: ತಾಳೆಗರಿಯ ಕಟ್ಟು, ಕಡತ (ಕಪ್ಪು ಬಳಿದ ಬಟ್ಟೆಯ ಮಡಿಕೆ ಪುಸ್ತಕ), ಅಜ್ಜ ಕಟ್ಟುತ್ತಿದ್ದ ವೇಷದ ಕಿರೀಟ, ಗುಡಿಗಾರರು ಕೆತ್ತಿದ ಗಂಧದ ಪೆಟ್ಟಿಗೆ, ಕೊಳಗ, ಮರಿಗೆ, ಚನ್ನೆಮಣೆ. ಸುದ್ದಿ ತಿಳಿದು ಮೊದಲು ಅಂಗಳಕ್ಕೆ ಬರುವುದು ಹಳೇ ಸಾಮಾನಿನ ವ್ಯಾಪಾರಿಯ ಟೆಂಪೊ. ಮ್ಯೂಸಿಯಂಗೆ ಕೊಡಬಹುದಿತ್ತಲ್ಲ ಎಂದು ಯಾರಿಗಾದರೂ ಹೊಳೆಯುವ ಹೊತ್ತಿಗೆ ಅರ್ಧ ಸಾಮಾನು ಊರು ಬಿಟ್ಟಿರುತ್ತದೆ.

ಮ್ಯೂಸಿಯಂಗೆ ಕೊಡುವುದು ಎಂದರೂ ಅದು ಒಂದೇ ದಾರಿಯಲ್ಲ. ಸರ್ಕಾರಿ ಮ್ಯೂಸಿಯಂ ಇದೆ, ವಿಶ್ವವಿದ್ಯಾಲಯದ್ದಿದೆ, ಟ್ರಸ್ಟಿನದು, ಖಾಸಗಿಯವರದು ಇದೆ. ಪೂರ್ತಿ ಕೊಟ್ಟುಬಿಡಬಹುದು, ಎರವಲಾಗಿ ಇಡಬಹುದು, ಮನೆಯಲ್ಲೇ ಉಳಿಸಿಕೊಂಡು ಛಾಯಾಪ್ರತಿ ಮಾತ್ರ ಕೊಡಬಹುದು. ಇವನ್ನು ಹೋಲಿಸುವಾಗ ನಾನು ಹಿಡಿಯುವ ಅಳತೆ ಒಂದೇ: ವಸ್ತುವಿನ ಜೊತೆ ಅದರ ಕಥೆಯನ್ನೂ ಯಾರು ಕಾಯುತ್ತಾರೆ? ಯಾವ ಊರಿನದು, ಯಾರ ಮನೆಯದು, ಯಾರು ಏತಕ್ಕೆ ಬಳಸಿದ್ದು ಎನ್ನುವುದು ಕಳಚಿಹೋದರೆ ಕಂಚಿನ ದೀಪ ಬರೀ ಕಂಚಾಗಿ ಉಳಿಯುತ್ತದೆ. ದೊಡ್ಡ ಕಟ್ಟಡ, ಗಾಜಿನ ಕಪಾಟು, ಉದ್ಘಾಟನೆಯ ಫಲಕ ಎಲ್ಲವೂ ಇದರ ನಂತರದ ಮಾತು.

ಕೊಡುವ ಹಕ್ಕು ನಿಮ್ಮದೇನಾ, ಮೊದಲು ನೋಡಿ

ಅವಿಭಕ್ತ ಕುಟುಂಬದ ವಸ್ತು ಮನೆಯಲ್ಲಿ ಉಳಿದವರೊಬ್ಬರದೇ ಅಲ್ಲ. ಅತ್ತೆ, ಚಿಕ್ಕಪ್ಪ, ಮದುವೆಯಾಗಿ ಹೋದ ಅಕ್ಕತಂಗಿ ಎಲ್ಲರಿಗೂ ಮೊದಲೇ ತಿಳಿಸಿ ಒಂದು ಕಾಗದದ ಮೇಲೆ ಒಪ್ಪಿಗೆಯ ಸಹಿ ಪಡೆಯಿರಿ. ಮ್ಯೂಸಿಯಂ ಕಪಾಟಿನಲ್ಲಿ ವಸ್ತು ಕಂಡ ಮೇಲೆ ತಕರಾರು ತೆಗೆಯುವುದು ಕೊಟ್ಟವರಿಗೂ ಪಡೆದವರಿಗೂ ಮುಜುಗರ. ಊರೊಟ್ಟಿನ ವಸ್ತುಗಳ ವಿಚಾರ ಇನ್ನೂ ಸೂಕ್ಷ್ಮ. ಚೌಡಿ ಬನದ ಗಂಟೆ, ಮೇಳದ ಚೆಂಡೆ, ದೇವಸ್ಥಾನದ ಪಲ್ಲಕ್ಕಿಯ ಹಿತ್ತಾಳೆ ಮುಖ ನಿಮ್ಮ ಅಟ್ಟದಲ್ಲಿ ಇದ್ದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ. ಊರವರನ್ನು ಕೂರಿಸಿ ಕೇಳಿಯೇ ಮುಂದುವರಿಯಬೇಕು.

ಕಾನೂನಿನ ಕಡೆಯಿಂದ 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆ ಮುಖ್ಯ. ನೂರು ವರ್ಷ ದಾಟಿದ ವಿಗ್ರಹ, ಚಿತ್ರ, ಕೆತ್ತನೆಗಳು ಇದರ ಪ್ರಕಾರ ಪುರಾತನ ವಸ್ತುಗಳು. ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿಗೆ 75 ವರ್ಷ ಸಾಕು. ಕಲ್ಲು, ಲೋಹ, ಮರದ ಶಿಲ್ಪ, ವರ್ಣಚಿತ್ರ, ಚಿತ್ರಗಳಿರುವ ಹಸ್ತಪ್ರತಿ ಮೊದಲಾದ ಕೆಲವು ಬಗೆಗಳನ್ನು ನೋಂದಣಿ ಮಾಡಿಸಬೇಕು. ನೋಂದಣಿಯಾದದ್ದು ಕೈ ಬದಲಾದರೆ ಅದನ್ನೂ ತಿಳಿಸಬೇಕು. ಇಂಥ ವಸ್ತುವನ್ನು ಅಮೆರಿಕದಲ್ಲಿರುವ ಮಗಳ ಮನೆಗೆ ಕಳಿಸುವಂತಿಲ್ಲ. ದೇಶದಾಚೆ ಸಾಗಿಸುವುದು ಅಪರಾಧ.

ತೋಟದಲ್ಲಿ ಗುಂಡಿ ತೆಗೆಯುವಾಗ ಸಿಕ್ಕ ನಾಣ್ಯದ ಗಡಿಗೆಯೋ ವಿಗ್ರಹವೋ ಆದರೆ ದಾನದ ಮಾತೇ ಬರುವುದಿಲ್ಲ. ಅದು ನಿಧಿ ಕಾಯ್ದೆಯ ಅಡಿ ಬರುತ್ತದೆ, ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಮಲೆನಾಡಿನ ಗೋಡೆಗಳ ಮೇಲೆ ಬೇಟೆಯ ಕಾಲದ ಕಡವೆ ಕೊಂಬು, ಕಾಟಿಯ ತಲೆ ಇನ್ನೂ ಇವೆ. ಮ್ಯೂಸಿಯಂಗೆ ಕೊಟ್ಟು ಕೈತೊಳೆದುಕೊಳ್ಳೋಣ ಎಂದುಕೊಳ್ಳಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಡೆತನದ ಪ್ರಮಾಣಪತ್ರವಿಲ್ಲದೆ ಅವನ್ನು ಇಟ್ಟುಕೊಳ್ಳುವುದೂ ಕೈ ಬದಲಾಯಿಸುವುದೂ ತೊಂದರೆಗೆ ದಾರಿ. ಆ ವಿಚಾರಕ್ಕೆ ವಲಯ ಅರಣ್ಯಾಧಿಕಾರಿಗಳ ಕಚೇರಿಯೇ ಸರಿ. ಕೇಪಿನ ಕೋವಿ ಇದ್ದರೆ ಲೈಸೆನ್ಸಿನ ಲೆಕ್ಕ ಮೊದಲು ಮುಗಿಯಬೇಕು.

ಬರಹವಿದ್ದರೆ ಕೆಳದಿಯ ಕಡೆ ನೋಡಿ

ತಾಳೆಗರಿ, ಕಡತ, ಸನದು, ಹಳೆಯ ಲೆಕ್ಕದ ಪುಸ್ತಕ, ಯಕ್ಷಗಾನ ಪ್ರಸಂಗದ ಕೈಬರಹದ ಪ್ರತಿ ಇವುಗಳ ವಿಚಾರದಲ್ಲಿ ನನ್ನ ಒಲವು ಸ್ಪಷ್ಟ. ಬರಹವನ್ನು ಓದಬಲ್ಲವರು ಇರುವ ಕಡೆಗೇ ಬರಹ ಹೋಗಬೇಕು. ಸಾಗರದ ಪಕ್ಕದ ಕೆಳದಿಯಲ್ಲಿ ಇತಿಹಾಸ ಸಂಶೋಧಕ ಕೆಳದಿ ಗುಂಡಾ ಜೋಯಿಸರು ಮನೆಮನೆಯಿಂದ ಕೂಡಿಸಿ ಕಟ್ಟಿದ ವಸ್ತುಸಂಗ್ರಹಾಲಯ ಮತ್ತು ಸಂಶೋಧನಾ ಕೇಂದ್ರ ಇಂದು ಕುವೆಂಪು ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ. 1499ರಿಂದ 1763ರವರೆಗೆ ಕೆಳದಿ, ಇಕ್ಕೇರಿ, ಬಿದನೂರುಗಳಿಂದ ಆಳಿದ ನಾಯಕರ ಕಾಲದ ಕಾಗದಪತ್ರಗಳು ಅಲ್ಲಿ ಒಟ್ಟಾದದ್ದು ಊರಿನ ಮನೆಗಳು ನಂಬಿ ಕೊಟ್ಟದ್ದರಿಂದ. ನಿಮ್ಮ ಮನೆಯ ಒಂದು ಉಂಬಳಿ ಪತ್ರ ಅಂಥ ಸಂಗ್ರಹದಲ್ಲಿ ಪಕ್ಕದ ಊರಿನ ಇನ್ನೊಂದು ಪತ್ರದ ಜೊತೆ ಕೂತಾಗ ಎರಡಕ್ಕೂ ಅರ್ಥ ಬರುತ್ತದೆ. ದೂರದ ದೊಡ್ಡ ಸಂಸ್ಥೆಯಲ್ಲಿ ಅದೇ ಪತ್ರ ಒಂಟಿ.

ದೂರದವೂ ಕಡಿಮೆಯೇನಲ್ಲ. ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯ 1891ರಲ್ಲಿ ಶುರುವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಅಲ್ಲಿಯೇ. 1909ರಲ್ಲಿ ಅದು ಅಚ್ಚಾಯಿತು. ಆ ಕಟ್ಟನ್ನೂ ಒಬ್ಬ ಪಂಡಿತರು ತಂದು ಕೊಟ್ಟಿದ್ದರು ಎನ್ನುವುದನ್ನು ಕೊಡಲು ಹಿಂಜರಿಯುವವರಿಗೆ ನಾನು ಹೇಳುತ್ತಿರುತ್ತೇನೆ. ನಿಮ್ಮಲ್ಲಿರುವುದು ಸಂಸ್ಕೃತ ಶಾಸ್ತ್ರಗ್ರಂಥವಾದರೆ ಮೈಸೂರು ಒಳ್ಳೆಯ ಆಯ್ಕೆ. ಊರಿನ ಜಮೀನು, ಕಂದಾಯ, ವ್ಯಾಜ್ಯದ ಕಾಗದವಾದರೆ ಕೆಳದಿಯೇ ಮೇಲು.

ಲಿಪಿ ಓದಲು ಬರಲಿಲ್ಲವೆಂದು ಬದಿಗೆ ಎಸೆಯಬೇಡಿ. ಹವ್ಯಕರ ಮನೆಗಳಲ್ಲಿ ಮಲಯಾಳಂ ಎಂದುಕೊಂಡು ಮೂಲೆಗೆ ಹಾಕಿದ ಗರಿಗಳು ಹಲವು ಸಲ ಸಂಸ್ಕೃತ ಬರೆಯಲು ಬಳಸುತ್ತಿದ್ದ ತಿಗಳಾರಿ ಲಿಪಿಯವು. ಮಠಗಳ, ಸಾಹುಕಾರರ ಲೆಕ್ಕಗಳಲ್ಲಿ ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯೂ ಸಿಗುತ್ತದೆ.

ಕೊಡುವ ಮುಂಚೆ ಚೊಕ್ಕಟ ಮಾಡಲು ಹೊರಟು ಹಾಳುಮಾಡುವವರೇ ಹೆಚ್ಚು. ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಚಿ, ಮೇಲೆ ಬಳಪದಲ್ಲಿ ಬರೆದದ್ದು. ಒದ್ದೆ ಬಟ್ಟೆ ತಾಗಿಸಿದರೆ ಅಕ್ಷರ ಹೋಯಿತು. ತಾಳೆಗರಿಯಲ್ಲಿ ಅಕ್ಷರ ಕೊರೆದಿರುತ್ತದೆ, ಮಸಿ ಮಾಸಿದ್ದರೂ ಗೀರು ಉಳಿದಿರುತ್ತದೆ, ತಿಳಿದವರು ಮತ್ತೆ ಮಸಿ ತುಂಬಿ ಓದುತ್ತಾರೆ. ಆದರೆ ಒಣಗಿದ ಕಟ್ಟನ್ನು ಬಲವಂತವಾಗಿ ಬಿಡಿಸಿದರೆ ಗರಿ ಮುರಿಯುತ್ತದೆ. ಹಾಗೇ ಹತ್ತಿ ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ. ಸೌದೆ ಒಲೆಯ ಹೊಗೆ ಅಟ್ಟಕ್ಕೆ ಏರುತ್ತಿದ್ದ ಕಾಲದಲ್ಲಿ ಈ ಕಟ್ಟುಗಳು ಹುಳದಿಂದ ಅಷ್ಟಿಷ್ಟು ಉಳಿದವು. ಗ್ಯಾಸ್ ಬಂದ ಮೇಲೆ ಆ ಕಾವಲೂ ಹೋಯಿತು. ನಮ್ಮ ಮಳೆಗಾಲದ ಥಂಡಿ, ಬೂಷ್ಟು, ಒರಲೆಗಳ ನಡುವೆ ಆಮೇಲೆ ನೋಡಿದರಾಯಿತು ಎಂದು ಬಿಟ್ಟರೆ ಬಹಳ ಕಾಲ ಉಳಿಯುವುದಿಲ್ಲ.

ಕಲ್ಲಾದರೆ ಸರ್ಕಾರಿ ಮ್ಯೂಸಿಯಂ, ಅದೂ ಕೊನೆಯ ಮಾತಾಗಿ

ಶಿವಮೊಗ್ಗದ ಕೋಟೆ ರಸ್ತೆಯ ಶಿವಪ್ಪ ನಾಯಕ ಅರಮನೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಅಂಗಳದಲ್ಲಿ ಸಾಲಾಗಿ ನಿಂತ ಶಿಲ್ಪಗಳು, ವೀರಗಲ್ಲುಗಳು ಜಿಲ್ಲೆಯ ಬೇರೆ ಬೇರೆ ಕಡೆಯಿಂದ ಬಂದವು. ಕಲ್ಲು, ವಿಗ್ರಹಗಳಿಗೆ ಸರ್ಕಾರದ ಪುರಾತತ್ವ ಇಲಾಖೆಯ ಕಾವಲೇ ಸರಿ ಎಂದು ನನ್ನ ಅಭಿಪ್ರಾಯ. ಕಾನೂನಿನ ಬಲ ಇರುತ್ತದೆ, ವಸ್ತು ದಫ್ತರಿನಲ್ಲಿ ದಾಖಲಾಗುತ್ತದೆ, ಸಂಸ್ಥೆ ನಡೆಸುವವರು ತೀರಿಕೊಂಡರೆ ಸಂಗ್ರಹದ ಗತಿ ಏನು ಎಂಬ ಚಿಂತೆ ಇಲ್ಲ. ಇದರ ಬೆಲೆ ಎಂದರೆ ನಿಧಾನ. ಅರ್ಜಿ, ಪರಿಶೀಲನೆ, ಮೇಲಿನ ಕಚೇರಿಯ ಒಪ್ಪಿಗೆ ಎಂದು ತಿಂಗಳುಗಳೇ ಹಿಡಿಯಬಹುದು. ನಿಮ್ಮ ವಸ್ತು ಪ್ರದರ್ಶನಕ್ಕೆ ಬರದೆ ಉಗ್ರಾಣದಲ್ಲೇ ಇರಬಹುದು.

ಕಲ್ಲು ಸ್ಥಳದಲ್ಲೇ ನಿಲ್ಲುವಂತಿದ್ದರೆ ಮಾತ್ರ ಎಲ್ಲಿಗೂ ಸಾಗಿಸಬೇಡಿ. ಶಿಕಾರಿಪುರ, ಸೊರಬದ ಕಡೆ ತೋಟದ ಬೇಲಿಯಲ್ಲೂ ಕೆರೆ ಏರಿಯ ಮೇಲೂ ವೀರಗಲ್ಲು, ಮಾಸ್ತಿಕಲ್ಲು ನಿಂತಿವೆ. ಯಾವ ಊರಿನ ತುರು ಕಾಯಲು ಆ ವೀರ ಸತ್ತನೋ ಆ ಊರಿನಲ್ಲೇ ಕಲ್ಲಿಗೆ ಮಾತು. ಬರಹವಿದ್ದರೆ ಬಿ. ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಹುಡುಕಿ. ಏಳು ಮತ್ತು ಎಂಟನೆಯ ಸಂಪುಟಗಳು ಶಿವಮೊಗ್ಗ ಜಿಲ್ಲೆಯವು, 1902 ಮತ್ತು 1904ರಲ್ಲಿ ಬಂದವು. ತಾಲ್ಲೂಕುವಾರು ಕ್ರಮಸಂಖ್ಯೆಯಿದೆ. ನಿಮ್ಮ ಬೇಲಿಯ ಕಲ್ಲಿಗೆ ಅಲ್ಲಿ ಆಗಲೇ ಒಂದು ಸಂಖ್ಯೆ ಇದ್ದರೆ, ಅದು ಎಲ್ಲಿತ್ತೋ ಅಲ್ಲೇ ಇರುವುದು ಓದುವವರಿಗೆ ದೊಡ್ಡ ಉಪಕಾರ. ಇಲಾಖೆಗೆ ಪತ್ರ ಬರೆದು, ಸುತ್ತ ಕಟ್ಟೆ ಕಟ್ಟಿಸಿ ನಿಲ್ಲಿಸಿದರೆ ಅದೂ ದಾನವೇ. ರಸ್ತೆ ಅಗಲೀಕರಣ, ಕಳ್ಳತನದ ಭಯ ಬಂದಾಗ ಮಾತ್ರ ಮ್ಯೂಸಿಯಂ.

ಟ್ರಸ್ಟು ಮತ್ತು ಖಾಸಗಿ ಸಂಗ್ರಹ

ಇವುಗಳಲ್ಲಿ ಪ್ರೀತಿ ಹೆಚ್ಚು, ಬೇಗ ಉತ್ತರಿಸುತ್ತಾರೆ, ಕೊಟ್ಟವರ ಹೆಸರನ್ನು ಮರೆಯುವುದಿಲ್ಲ. ಶಿವಮೊಗ್ಗ ಬಳಿಯ ಲಕ್ಕಿನಕೊಪ್ಪದ ಅಮೂಲ್ಯ ಶೋಧದಂಥ ಸಂಗ್ರಹಗಳು ಒಬ್ಬರ ಆಸ್ಥೆಯಿಂದ ಬೆಳೆದವು. ನಾಣ್ಯ, ನಿತ್ಯ ಬಳಕೆಯ ಹಳೆಯ ವಸ್ತುಗಳಿಗೆ ಅಲ್ಲಿ ಬೆಲೆಯಿದೆ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಧರ್ಮಸ್ಥಳದ ಮಂಜೂಷಾ, ರಾಮನಗರದ ಜಾನಪದ ಲೋಕ ಕೂಡ ಜನ ಕೊಟ್ಟದ್ದನ್ನು ಕಾಪಾಡುತ್ತಿರುವ ಜಾಗಗಳು.

ಖಾಸಗಿಯವರನ್ನು ಕೇಳಬೇಕಾದ ಪ್ರಶ್ನೆ ಒಂದಿದೆ, ಸಂಕೋಚಪಡದೆ ಕೇಳಿ: ನಿಮ್ಮ ನಂತರ ಇದು ಯಾರದು? ಸಂಗ್ರಹ ಟ್ರಸ್ಟಿನ ಹೆಸರಿನಲ್ಲಿದೆಯೋ, ವ್ಯಕ್ತಿಯ ಹೆಸರಿನಲ್ಲೋ? ವ್ಯಕ್ತಿಯ ಹೆಸರಿನಲ್ಲಿದ್ದರೆ ನಾಳೆ ಅವರ ಮಕ್ಕಳ ನಡುವೆ ಅದೂ ಪಾಲಾಗುತ್ತದೆ. ಟ್ರಸ್ಟಿನ ಪತ್ರದಲ್ಲಿ ಮುಚ್ಚುವ ಕಾಲ ಬಂದರೆ ವಸ್ತುಗಳು ಇನ್ನೊಂದು ಮ್ಯೂಸಿಯಂಗೆ ಹೋಗಬೇಕು ಎಂದು ಬರೆದಿದ್ದರೆ ನಿಶ್ಚಿಂತೆ.

ಕಾವಲಿನ ವಿಚಾರವನ್ನೂ ಕೇಳಿ. 2015ರ ನವೆಂಬರಿನಲ್ಲಿ ಕುಪ್ಪಳಿಯ ಕವಿಮನೆಗೆ ಕಳ್ಳರು ನುಗ್ಗಿ ಕುವೆಂಪು ಅವರ ಪದ್ಮ ಪದಕಗಳನ್ನು ಹೊತ್ತೊಯ್ದಾಗ ನಾಡೇ ನೊಂದಿತು. ಅಷ್ಟು ಪ್ರೀತಿಯಿಂದ ಕಾಯುವ ಮನೆಗೇ ಹಾಗಾಗಿದೆ ಎಂದ ಮೇಲೆ ಬೆಳ್ಳಿ ಬಂಗಾರದ್ದನ್ನು ಕೊಡುವವರು ರಾತ್ರಿ ಯಾರಿರುತ್ತಾರೆ ಎಂದು ವಿಚಾರಿಸುವುದು ಅನುಮಾನವಲ್ಲ, ಕಾಳಜಿ.

ಮನೆಬಳಕೆಯ ಸಾಮಾನಿನ ಬಗ್ಗೆ ಒಂದು ಕಹಿ ಮಾತು ಹೇಳಲೇಬೇಕು. ಒನಕೆ, ಬೀಸುಕಲ್ಲು, ಹಂಡೆ, ಲಾಟೀನುಗಳನ್ನು ಮ್ಯೂಸಿಯಂಗಳು ಸಾಮಾನ್ಯವಾಗಿ ಬೇಡ ಎನ್ನುತ್ತವೆ, ಅವರಲ್ಲಿ ಆಗಲೇ ಬೇಕಾದಷ್ಟು ಇವೆ. ಬೇಸರ ಬೇಡ. ಅದೇ ಸಾಮಾನು ಒಂದು ಕೆಲಸದ ಪೂರ್ತಿ ಸರಂಜಾಮಾಗಿ ಬಂದರೆ ಅವರ ಕಿವಿ ನೆಟ್ಟಗಾಗುತ್ತದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ, ಬೇಯಿಸುವ ಹಂಡೆ, ಅಳೆಯುವ ಕೊಳಗ, ಅದೇ ಮನೆಯ ಅಡಿಕೆ ಲೆಕ್ಕದ ಪುಸ್ತಕ ಒಟ್ಟಿಗೆ ಇದ್ದರೆ ಅದು ಒಂದು ಕುಟುಂಬದ ದುಡಿಮೆಯ ಚಿತ್ರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳಿಂದ ಎದ್ದು ಬಂದ ಮನೆಗಳ ಸಾಮಾನಾದರಂತೂ ಒಂದು ಮರಿಗೆಗೂ ಬೆಲೆಯಿದೆ, ಆ ಊರಿನ ಹೆಸರು ಅದರ ಮೇಲೆ ಬರೆದಿಟ್ಟರೆ.

ಚಿತ್ರ, ಬುಟ್ಟಿ, ವೇಷ

ಸಾಗರ, ಸೊರಬದ ದೀವರ ಮನೆಗಳ ಹಸೆ ಚಿತ್ತಾರ, ಭೂಮಿ ಹುಣ್ಣಿಮೆಗೆ ಬರೆಯುವ ಭೂಮಣ್ಣಿ ಬುಟ್ಟಿ ಇವು ಬಳಸಿ ಮುಗಿಸಲೆಂದೇ ಹುಟ್ಟಿದವು. ಕೆಮ್ಮಣ್ಣು, ಅಕ್ಕಿಹಿಟ್ಟು, ಪುಂಡಿನಾರಿನ ಕುಂಚ. ಗೋಡೆಯ ಚಿತ್ತಾರ ಮುಂದಿನ ಸಾರಣೆಗೆ ಅಳಿಯುತ್ತದೆ. ಹಳೆಯ ಬುಟ್ಟಿಯೊಂದು ಉಳಿದಿದ್ದರೆ ಕೊಡಿ, ಆದರೆ ಬರೆದವರ ಹೆಸರಿಲ್ಲದೆ ಕೊಡಬೇಡಿ. ಜಾನಪದ ಎಂಬ ಒಂದು ಚೀಟಿ ಅಂಟಿಸಿ ಎಷ್ಟು ಹೆಣ್ಣುಮಕ್ಕಳ ಕೈಕೆಲಸವನ್ನು ನಾವು ಅನಾಮಿಕ ಮಾಡಿದ್ದೇವೆ! ಅಮ್ಮನೋ ದೊಡ್ಡಮ್ಮನೋ ಬರೆದದ್ದಾದರೆ ಅವರ ಹೆಸರು, ಊರು, ಯಾರ ಮದುವೆಗೆ ಬರೆದದ್ದು ಎನ್ನುವುದು ದಾಖಲೆಗೆ ಹೋಗಲೇಬೇಕು.

ಯಕ್ಷಗಾನದ ಹಳೆಯ ವೇಷಭೂಷಣಗಳಿಗೆ ಆತುರ ಹೆಚ್ಚು. ಮರದ ಕಿರೀಟ, ಭುಜಕೀರ್ತಿಗೆ ಹಚ್ಚಿದ ಬೇಗಡೆ, ಎಂದರೆ ಹೊಳೆಯುವ ತೆಳು ಹಾಳೆ, ತೇವಕ್ಕೆ ಎದ್ದುಬರುತ್ತದೆ. ಬಣ್ಣ ಹೊಡೆಸಿ ಹೊಸದಾಗಿಸಬೇಡಿ, ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕಬೇಡಿ. ಹಳೆಯ ಕಾಲದ ಗುರುತೆಲ್ಲ ಆ ಮಾಸಿದ ಮೈಯಲ್ಲೇ ಇದೆ.

ಇತ್ತೀಚಿನ ಕಲಾವಿದರ ಚಿತ್ರವಾದರೆ ಹಕ್ಕುಸ್ವಾಮ್ಯ ಬೇರೆ ವಿಚಾರ. ಚಿತ್ರ ಕೊಟ್ಟ ಮಾತ್ರಕ್ಕೆ ಅದನ್ನು ಕ್ಯಾಲೆಂಡರಿಗೆ ಅಚ್ಚು ಹಾಕುವ ಹಕ್ಕು ಹೋಗುವುದಿಲ್ಲ. ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಅದು ವಾರಸುದಾರರದು. ಆ ಹಕ್ಕನ್ನೂ ಕೊಡುತ್ತೀರಾದರೆ ಬೇರೆಯಾಗಿ ಬರೆದುಕೊಡಬೇಕು. ಇನ್ನು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂಥ ಕಡೆ ದಾನಿಯ ಹೆಸರಿನಲ್ಲೇ ಗ್ಯಾಲರಿ ಆದದ್ದು ಉದ್ಯಮಿ ಎಚ್. ಕೆ. ಕೇಜ್ರಿವಾಲರಂತೆ ಇಡೀ ಸಂಗ್ರಹ ಕೊಟ್ಟವರಿಗೆ. ಒಂದೆರಡು ಚಿತ್ರ ಇರುವವರು ಊರಿನ ಸುತ್ತಲೇ ನೋಡುವುದು ಒಳ್ಳೆಯದು.

ಕೊಡುವುದೋ, ಎರವಲೋ, ಮಾರುವುದೋ

ಎರವಲು ಎಲ್ಲರಿಗೂ ಹಿತವಾಗಿ ಕೇಳಿಸುತ್ತದೆ: ವಸ್ತು ಅಲ್ಲಿರಲಿ, ಒಡೆತನ ನಮ್ಮದಿರಲಿ. ಕುಟುಂಬದಲ್ಲಿ ಒಮ್ಮತವಿಲ್ಲದಾಗ ಇದು ಉಪಾಯವೂ ಹೌದು. ಆದರೆ ಮ್ಯೂಸಿಯಂಗಳು ಇದಕ್ಕೆ ಅಷ್ಟಾಗಿ ಒಲಿಯುವುದಿಲ್ಲ, ಪರರ ವಸ್ತುವಿಗೆ ಖರ್ಚು ಮಾಡಿ ಸಂರಕ್ಷಣೆ ಮಾಡಲು ಅವರಿಗೂ ಕಷ್ಟ. ಎಷ್ಟು ವರ್ಷ, ಹಾನಿಯಾದರೆ ಯಾರ ಹೊಣೆ, ನೀವು ಇಲ್ಲವಾದರೆ ಯಾರ ಜೊತೆ ಮಾತು ಎನ್ನುವುದನ್ನು ಬರೆಯದ ಎರವಲು ಮುಂದಿನ ತಲೆಮಾರಿಗೆ ಜಗಳವಾಗಿ ಬರುತ್ತದೆ. ಐದು ವರ್ಷದ ಮಿತಿ ಹಾಕಿ, ಆಮೇಲೆ ದಾನವೋ ವಾಪಸೋ ತೀರ್ಮಾನಿಸುವುದು ಒಂದು ನಡುದಾರಿ.

ಮಾರುವುದು ತಪ್ಪೇನಲ್ಲ. ಕಷ್ಟದಲ್ಲಿರುವ ಮನೆಯವರಿಗೆ ದಾನದ ಉಪದೇಶ ಮಾಡುವುದು ನ್ಯಾಯವಲ್ಲ. ಆದರೆ ಪುರಾತನ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಅಂಗಳಕ್ಕೆ ಬಂದವರನ್ನು ಅದನ್ನು ತೋರಿಸಿ ಎನ್ನಿ. ಅವರು ಕೊಡುವುದು ತೂಕದ ಬೆಲೆ, ಅಲ್ಲಿಂದ ಮುಂದೆ ಊರಿನ ಹೆಸರು ಯಾರಿಗೂ ತಿಳಿಯುವುದಿಲ್ಲ. ಹೆಸರುಳ್ಳ ಮ್ಯೂಸಿಯಂಗಳು ಕೆಲವೊಮ್ಮೆ ಕ್ರಯಕ್ಕೂ ಕೊಳ್ಳುತ್ತವೆ, ನೇರವಾಗಿ ಕೇಳಿ ನೋಡಿ. ತೆರಿಗೆ ಉಳಿಯುತ್ತದೆ ಎಂದು ದಾನ ಮಾಡಹೊರಟವರಿಗೆ: ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ ಹಣ ಕೊಟ್ಟವರಿಗೆ, ವಸ್ತು ಕೊಟ್ಟವರಿಗಲ್ಲ.

ಪೂಜೆಯಲ್ಲಿರುವ ವಿಗ್ರಹಕ್ಕೆ ಮಠ, ದೇವಸ್ಥಾನವೇ ಮನೆ. ಮ್ಯೂಸಿಯಂಗೆ ಹೋದರೆ ಪೂಜೆ ನಿಲ್ಲುತ್ತದೆ. ಮೊದಲು ಪುರೋಹಿತರನ್ನೂ ಮನೆಯ ಹಿರಿಯರನ್ನೂ ಕೇಳಿ.

ಮನಸ್ಸು ಒಪ್ಪದಿದ್ದರೆ ಹಸ್ತಪ್ರತಿಗಳನ್ನು ಮನೆಯಲ್ಲೇ ಇಟ್ಟು ಛಾಯಾಪ್ರತಿ ಮಾಡಿಸಿಕೊಡಿ. ವಿಶ್ವವಿದ್ಯಾಲಯದವರಿಗೆ ಓದಲು ಬೇಕಾದದ್ದು ಪಠ್ಯ. ಬರೀ ಮೊಬೈಲಿನಲ್ಲಿ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಮೂಲ ಫೈಲನ್ನೇ ಕೊಡಿ.

ಪತ್ರ ಮತ್ತು ರಸೀದಿ

ಯಾರಿಗೆ ಕೊಟ್ಟರೂ ನೇರವಾಗಿ ಕೊಡಿ. ಪ್ರಭಾವಿಗಳ ಮೂಲಕ, ಪರಿಚಯದವರ ಕಾರಿನಲ್ಲಿ ಕಳಿಸಿದ್ದು ಎಲ್ಲಿ ಉಳಿಯಿತು ಎನ್ನುವುದೇ ಕೊನೆಗೆ ಗೊತ್ತಾಗುವುದಿಲ್ಲ. ಮುಂಚೆ ಪತ್ರ ಬರೆದು ನಾಲ್ಕು ಬದಿಯ ಫೋಟೊ, ಅಳತೆ, ತಿಳಿದಷ್ಟು ಇತಿಹಾಸ ಕಳಿಸಿ. ಅವರು ಬಂದು ನೋಡಿ ಒಪ್ಪಿದ ಮೇಲೆ ವಸ್ತು ಕದಲಲಿ.

ಕಾನೂನಿನಲ್ಲಿ ಚರ ವಸ್ತುವನ್ನು ಕೈಗೆ ಒಪ್ಪಿಸಿದರೂ ದಾನ ಆಗುತ್ತದೆ. ಆದರೂ ಛಾಪಾ ಕಾಗದದ ಮೇಲೆ ದಾನಪತ್ರ ಬರೆಸಿ, ಮ್ಯೂಸಿಯಂನವರ ಸ್ವೀಕಾರದ ಸಹಿ ಪಡೆಯಿರಿ. ದಾನಿ ಬದುಕಿರುವಾಗಲೇ ಪಡೆಯುವವರು ಸ್ವೀಕರಿಸಬೇಕು, ಇಲ್ಲವಾದರೆ ದಾನವೇ ಆಗುವುದಿಲ್ಲ. "ನನ್ನ ಕಾಲಾನಂತರ ಕೊಡಿ" ಎಂದು ಹೇಳುವ ಅಜ್ಜ ಅಜ್ಜಿಯರು ಉಯಿಲಿನಲ್ಲಿ ಬರೆಯಬೇಕು, ಮ್ಯೂಸಿಯಂಗೂ ಮೊದಲೇ ತಿಳಿಸಿರಬೇಕು. ಒಮ್ಮೆ ಕೊಟ್ಟದ್ದನ್ನು ಮನಸ್ಸು ಬದಲಾಯಿತೆಂದು ವಾಪಸು ಕೇಳಲು ಬರುವುದಿಲ್ಲ. "ಸದಾ ಪ್ರದರ್ಶನದಲ್ಲಿ ಇಡಬೇಕು" ಎಂಬ ಷರತ್ತು ಹಾಕಿದರೆ ಒಳ್ಳೆಯ ಸಂಸ್ಥೆ ಒಪ್ಪುವುದಿಲ್ಲ, ಒಪ್ಪಿದವರ ಬಗ್ಗೆ ನನಗೆ ಅನುಮಾನ. ದಾಖಲೆಯಲ್ಲಿ ಮನೆಯ ಮತ್ತು ಊರಿನ ಹೆಸರು, ಸಂಶೋಧಕರಿಗೆ ನೋಡಲು ಅವಕಾಶ, ಮನೆಯವರು ಬಂದಾಗ ತೋರಿಸುವುದು, ತಾವು ಇಟ್ಟುಕೊಳ್ಳಲಾಗದಾಗ ಇನ್ನೊಂದು ಸಾರ್ವಜನಿಕ ಸಂಗ್ರಹಕ್ಕೇ ಕೊಡುವುದು ಇಷ್ಟು ಕೇಳುವುದು ನ್ಯಾಯ.

ಕೊನೆಗೆ ಮ್ಯೂಸಿಯಂಗೆ ಬಂದ ವಸ್ತುಗಳನ್ನು ದಾಖಲಿಸುವ ಪರಿಗ್ರಹಣ ಪುಸ್ತಕದ ಕ್ರಮಸಂಖ್ಯೆ ಬರೆದ ರಸೀದಿ ಕೈಗೆ ಬರಬೇಕು. ಎರಡು ಕಡೆ ತೂಗಿ ನೋಡಿ ನಿರ್ಧಾರವಾಗದಿದ್ದರೆ, ಆ ಸಂಖ್ಯೆಯನ್ನು ಬರೆದುಕೊಡುತ್ತೇವೆ ಎಂದವರಿಗೇ ಕೊಡಿ. ಅವರ ಕಟ್ಟಡ ಚಿಕ್ಕದಿದ್ದರೂ ಚಿಂತೆಯಿಲ್ಲ. ಒಪ್ಪಿಸುವ ದಿನವನ್ನು ಮಾಘದಿಂದ ಚೈತ್ರದೊಳಗೆ ಇಟ್ಟುಕೊಳ್ಳಿ. ಜೂನ್ ಹಿಡಿದರೆ ತಾಳೆಗರಿಯನ್ನೂ ಬೇಗಡೆಯನ್ನೂ ಹೊರಗೆ ತೆಗೆಯಲೇಬೇಡಿ, ಬರುವ ದೀಪಾವಳಿ ಕಳೆಯುವವರೆಗೆ ಒಣ ಪೆಟ್ಟಿಗೆಯಲ್ಲಿ ಬಜೆ ಬೇರಿನ ಜೊತೆ ಇರಲಿ.